ಎಂ.ಡಿ.ಗೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಿ ಬನ್ನಿ ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಹಾಸನದ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 27. ಊರು ಹಾಸನದ ಹತ್ತಿರ. ಬಿ.ಕಾಂ ಮುಗಿಸಿ ಬೆಂಗಳೂರಿಗೆ ಬಂದು ಐದು ವರ್ಷ ಆಯಿತು. ಪೀಣ್ಯದಲ್ಲಿ ಮಷೀನ್ ಪಾರ್ಟ್ಸ್ ಮಾಡುವ ಒಂದು ಕಂಪನಿಯಲ್ಲಿದ್ದೇನೆ. ಮೊದಲ ಎರಡು ವರ್ಷ ರಿಸೆಪ್ಷನ್, ಈಗ ಅಡ್ಮಿನ್. ಹೌಸ್‌ಕೀಪಿಂಗ್ ಬಿಲ್, ಕ್ಯಾಬ್, ಕ್ಯಾಂಟೀನ್ ಕೂಪನ್, ಗೆಸ್ಟ್ ಹೌಸ್ ಎಲ್ಲ ನನ್ನ ತಲೆ ಮೇಲೆ. ನಮ್ಮ ಮಾಲು ಜರ್ಮನಿ, ಅಮೆರಿಕಕ್ಕೆ ಹೋಗುತ್ತದೆ. ಕಂಪನಿ ಷೇರು ಮಾರ್ಕೆಟ್‌ನಲ್ಲೂ ಇದೆ.

ಈಗ ಎಂ.ಡಿ.ಯವರ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಿರುವ ಮೇಡಂ ಕೆಲಸ ಬಿಡುತ್ತಿದ್ದಾರೆ. ಅವರ ಯಜಮಾನರಿಗೆ ಪುಣೆಗೆ ಟ್ರಾನ್ಸ್‌ಫರ್ ಆಗಿದೆ. ಹೋದ ವಾರ ಎಚ್‌ಆರ್‌ನವರು ಕರೆದು, ಆ ಜಾಗಕ್ಕೆ ನೀವು ಬರುತ್ತೀರಾ ಅಂತ ಕೇಳಿದರು. ತಿಂಗಳಿಗೆ 9 ಸಾವಿರ ಜಾಸ್ತಿ. ಶುಕ್ರವಾರದೊಳಗೆ ಹೇಳಬೇಕು.

ಮನೆಯಲ್ಲಿ ಅಮ್ಮ, "ಪಿಎ ಕೆಲಸನಾ? ಅವರಿಗೆ ಕಾಫಿ ತಂದುಕೊಡೋಕಾ ನಿನ್ನನ್ನ ಓದಿಸಿದ್ದು?" ಅಂದರು. ನನ್ನ ಗೆಳತಿ, "ಅಲ್ಲಿ ಕೂತರೆ ಮುಗೀತು, ಮೇಲೆ ಹೋಗೋಕೆ ಮೆಟ್ಟಿಲೇ ಇಲ್ಲ" ಅಂತಾಳೆ. ಮುಂದಿನ ವೈಶಾಖದಲ್ಲಿ ಮದುವೆ ಬೇರೆ ಇದೆ. ಇಂಗ್ಲಿಷ್ ಕೆಲಸಕ್ಕೆ ಸಾಕಾಗುವಷ್ಟು ಬರುತ್ತದೆ. ಆದರೆ ಫೋನಿನಲ್ಲಿ ಫಾರಿನ್‌ನವರು ಮಾತಾಡಿದರೆ ಎರಡು ಸಲ ಕೇಳಬೇಕು. ಶಾರ್ಟ್‌ಹ್ಯಾಂಡ್ (ಹೇಳಿದ್ದನ್ನು ಗೆರೆಗಳಲ್ಲಿ ಬೇಗ ಬರೆದುಕೊಳ್ಳುವುದು) ಬರುವುದಿಲ್ಲ.

ಈ ಕೆಲಸ ನಿಜವಾಗಿ ಹೇಗಿರುತ್ತದೆ? ಹತ್ತು ವರ್ಷ ಆದಮೇಲೆ ನಾವು ಎಲ್ಲಿರುತ್ತೇವೆ? ಮಾಡಿದವರು ಯಾರಾದರೂ ಇದ್ದರೆ ಹೇಳಿ.

ರಾಜಾಜಿನಗರ 4ನೇ ಬ್ಲಾಕ್

ಬೇಡ ಸಿಸ್ಟರ್. ಕ್ಯಾಲೆಂಡರ್ ನೋಡೋದು, ಮೇಲ್ ಬರೆಯೋದು, ಮಿನಿಟ್ಸ್ (ಮೀಟಿಂಗ್ ನಡಾವಳಿ) ಮಾಡೋದು, ಎಲ್ಲ ಈಗ ಎಐ ಮಾಡುತ್ತದೆ. ಇನ್ನು ಐದು ವರ್ಷಕ್ಕೆ ಆ ಕುರ್ಚಿಯೇ ಇರುವುದಿಲ್ಲ. ಸುಮ್ನೆ ಎಕ್ಸೆಲ್, ಪವರ್ ಬಿಐ ಕಲಿತು ಎಂಐಎಸ್, ಅಂದರೆ ಕಂಪನಿಯ ಅಂಕಿಅಂಶದ ರಿಪೋರ್ಟ್ ಮಾಡುವ ಕಡೆ ಹೋಗಿ. ನನ್ನ ಅಭಿಪ್ರಾಯ ಅಷ್ಟೇ.

ಪಿಟ್‌ಮನ್ ಅಕ್ಕ

ತಂಗಿ, ನಾನು ಈ ಕೆಲಸವನ್ನು 33 ವರ್ಷ ಮಾಡಿದವಳು. 1991ರಲ್ಲಿ ಸೇರಿದೆ, 2024ರಲ್ಲಿ ರಿಟೈರ್ ಆದೆ. ಒಪ್ಪಿಕೊಳ್ಳಿ. ಆದರೆ ಒಂದಷ್ಟು ಪ್ರಶ್ನೆ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಂಡು ಒಪ್ಪಿಕೊಳ್ಳಿ. ಯಾಕೆ ಅಂತ ಹೇಳುವುದಕ್ಕೆ ನನ್ನ ಕಥೆಯನ್ನೇ ಹೇಳಬೇಕು. ನನಗೂ ಈಗ ಟೈಮ್ ಜಾಸ್ತಿ ಇದೆ.

ನಾನು ಮೈಸೂರಿನವಳು. ಪಿಯುಸಿ ರಜೆಯಲ್ಲಿ ಅಪ್ಪ ಕೃಷ್ಣಮೂರ್ತಿಪುರಂನ ಒಂದು ಟೈಪಿಂಗ್ ಇನ್ಸ್‌ಟಿಟ್ಯೂಟ್‌ಗೆ ಸೇರಿಸಿದರು. ಮಹಡಿ ಮೇಲೆ ಒಂದೇ ಕೋಣೆ, ಎಂಟು ರೆಮಿಂಗ್ಟನ್ ಮಷೀನು. ಮೂರನೆಯ ಮಷೀನಿನಲ್ಲಿ 'ಇ' ಕೀಲಿ ಅಂಟಿಕೊಳ್ಳುತ್ತಿತ್ತು. ತಡವಾಗಿ ಹೋದವರಿಗೆ ಅದೇ ಗತಿ. ಜೂನಿಯರ್, ಸೀನಿಯರ್ ಎರಡೂ ಪಾಸಾದೆ. ಆಮೇಲೆ ಶಾರ್ಟ್‌ಹ್ಯಾಂಡ್. ಪಿಟ್‌ಮನ್ ಪದ್ಧತಿಯಲ್ಲಿ ಪೆನ್ಸಿಲ್ಲನ್ನು ಹಗುರವಾಗಿ ಎಳೆದರೆ 'ಪ', ಅದೇ ಗೆರೆಯನ್ನು ಒತ್ತಿ ಎಳೆದರೆ 'ಬ'. 'ಟ'ಗೂ 'ಡ'ಗೂ ಅಷ್ಟೇ ವ್ಯತ್ಯಾಸ. ಬರೆದ ದಿನವೇ ಬಿಡಿಸಿ ಟೈಪ್ ಮಾಡದಿದ್ದರೆ ಮರುದಿನ ನನ್ನ ಬರಹ ನನಗೇ ಒಗಟು.

ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿ ಸ್ಟೆನೋ-ಟೈಪಿಸ್ಟ್ ಆಗಿ ಸೇರಿದಾಗ ಸಂಬಳ 1,350 ರೂಪಾಯಿ. ನಾಲ್ಕು ಕಾರ್ಬನ್ ಇಟ್ಟು ಹೊಡೆಯಬೇಕು. ನಾಲ್ಕನೆಯ ಕಾಪಿ ಯಾರಿಗೂ ಓದಲು ಬರುತ್ತಿರಲಿಲ್ಲ, ಆದರೂ ಫೈಲಿಗೆ ಬೇಕು. ಟೆಲೆಕ್ಸ್ ಹೋಗಿ ಫ್ಯಾಕ್ಸ್ ಬಂತು. ಕಂಪ್ಯೂಟರಿನಲ್ಲಿ ಟೈಪ್ ಮಾಡುವ ವರ್ಡ್‌ಸ್ಟಾರ್ ಬಂತು, ಅದೂ ಹೋಯಿತು. ನನ್ನ ಮೇಜು ಅದೇ, ಬೋರ್ಡ್ ಮಾತ್ರ ಬದಲಾಗುತ್ತಿತ್ತು. ಸ್ಟೆನೋ ಇದ್ದವಳು ಸೆಕ್ರೆಟರಿ ಆದೆ, 2005ರ ಹೊತ್ತಿಗೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್. ಸೆಕ್ರೆಟರಿ ಅನ್ನುವ ಹೆಸರಿದ್ದಾಗ ನಮ್ಮ ನೆಂಟರಿಗೆಲ್ಲ ನಾನು ಕಂಪನಿ ಸೆಕ್ರೆಟರಿ. ಅದು ಕಂಪನಿಯ ಕಾನೂನು ಪಾಲನೆ ನೋಡಿಕೊಳ್ಳುವ ಬೇರೆಯೇ ವೃತ್ತಿ. ಅದಕ್ಕೆ 1980ರ ಕಾಯ್ದೆ ಇದೆ, ಸಂಸ್ಥೆ ಇದೆ, ಕಷ್ಟದ ಪರೀಕ್ಷೆ ಇದೆ. ಮದುವೆ ಮನೆಗಳಲ್ಲಿ ತಿದ್ದಿ ತಿದ್ದಿ ಸಾಕಾಗಿ ಆಮೇಲೆ ಸುಮ್ಮನಾದೆ. ಪಾಪ ಅಮ್ಮನಿಗೂ ಅದು ಖುಷಿ ಕೊಡುತ್ತಿತ್ತು.

ನಿಮ್ಮ ಅಮ್ಮನ ಕಾಫಿ ಪ್ರಶ್ನೆಗೆ ಮೊದಲು ಉತ್ತರ. 33 ವರ್ಷದಲ್ಲಿ ನಾನು ಬಾಸ್‌ಗೆ ಕಾಫಿ ತಂದುಕೊಟ್ಟದ್ದು ಬೆರಳೆಣಿಕೆಯಷ್ಟು ಸಲ. ಅದೂ ಪ್ಯಾಂಟ್ರಿ ಹುಡುಗ ರಜೆ ಇದ್ದಾಗ. ಯಾರಿಗೆ ಕಾಫಿ ಕೊಡಬೇಕು, ಯಾರನ್ನು ಕಾಫಿ ಇಲ್ಲದೆ ಹತ್ತು ನಿಮಿಷದಲ್ಲಿ ಕಳಿಸಬೇಕು ಅನ್ನುವುದು ಮಾತ್ರ ದಿನವೂ ನನ್ನ ಕೆಲಸ. ದಿನಕ್ಕೆ ಹದಿನೈದು ಜನ ಬಾಗಿಲ ಹತ್ತಿರ ಬಂದು, "ಎರಡೇ ನಿಮಿಷ" ಅನ್ನುತ್ತಾರೆ. ಪ್ರೊಡಕ್ಷನ್‌ನವರ ಎರಡು ನಿಮಿಷ ನಿಜವಾಗಿ ಎರಡು ನಿಮಿಷ. ಸೇಲ್ಸ್‌ನವರದು ಅರ್ಧ ಗಂಟೆ. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ನನ್ನ ಹತ್ತಿರ ನೀಲಿ ರಟ್ಟಿನ ಒಂದು ನೋಟ್ ಪುಸ್ತಕ ಇತ್ತು. ಬಾಸ್ ಪಾಸ್‌ಪೋರ್ಟ್ ಯಾವತ್ತು ಮುಗಿಯುತ್ತದೆ, ವಿಮಾನದಲ್ಲಿ ಯಾವ ಕಡೆ ಸೀಟು, ಕನ್ನಡಕದ ನಂಬರ್, ಅವರ ತಾಯಿಯ ಹುಟ್ಟುಹಬ್ಬ, ಯಾರ ಫೋನ್ ಬಂದರೆ ಮೀಟಿಂಗ್ ಮಧ್ಯೆಯೂ ಚೀಟಿ ಕಳಿಸಬೇಕು, ಎಲ್ಲ ಅದರಲ್ಲಿ. ಪಾಸ್‌ಪೋರ್ಟ್ ವಿಷಯ ಈಗಲೇ ಹೇಳಿಬಿಡುತ್ತೇನೆ. ಎಷ್ಟೋ ದೇಶಗಳು ಆರು ತಿಂಗಳ ಅವಧಿ ಬಾಕಿ ಇರಬೇಕು ಅನ್ನುತ್ತವೆ. ಜರ್ಮನಿ ಸೇರಿದ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳು), ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಇರಬೇಕು, ಎರಡು ಪುಟ ಖಾಲಿ ಇರಬೇಕು. ಓಡಾಡುವ ಬಾಸ್‌ಗೆ 36 ಪುಟದ ಪುಸ್ತಕ ಬೇಗ ತುಂಬಿಹೋಗುತ್ತದೆ. ರಿನ್ಯೂ ಮಾಡಿಸುವಾಗ 60 ಪುಟದ್ದು ಕೇಳಿ. ಅಮೆರಿಕ ವೀಸಾ ಸಂದರ್ಶನಕ್ಕೆ ನಾನು ಬಾಸ್‌ಗಳನ್ನು ಕಳಿಸಿದ್ದೆಲ್ಲ ಚೆನ್ನೈಗೆ ಇಲ್ಲ ಹೈದರಾಬಾದ್‌ಗೆ. ಹೋಗಿ ಬರುವ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. ಇನ್ನು ನಮ್ಮ ಏರ್‌ಪೋರ್ಟ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಇಂಟರ್‌ನ್ಯಾಷನಲ್ ವಿಮಾನಗಳೆಲ್ಲ ಟರ್ಮಿನಲ್ 2. ಡ್ರೈವರ್‌ಗೆ ಪ್ರತಿ ಸಲವೂ ಹೇಳಿ. ಗೊತ್ತಿದೆ ಅಂದರೂ ಹೇಳಿ.

ಈಗ ನನ್ನದೇ ಒಂದು ಎಡವಟ್ಟು. ನಿಮ್ಮಲ್ಲೂ ಜರ್ಮನಿ, ಅಮೆರಿಕ ಎರಡೂ ಇವೆ, ಅದಕ್ಕೇ ಹೇಳುತ್ತಿದ್ದೇನೆ. ಪ್ರತಿ ಮಂಗಳವಾರ ನಮಗೆ ಒಂದು ಫೋನ್ ಮೀಟಿಂಗ್ ಇತ್ತು. ಡೆಟ್ರಾಯಿಟ್‌ನಲ್ಲಿ ಬೆಳಗ್ಗೆ 9, ಜರ್ಮನಿಯಲ್ಲಿ ಮಧ್ಯಾಹ್ನ 3, ನಮಗೆ ಸಂಜೆ 7.30. ಬೇಸಿಗೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ ಅಂತ ಗೊತ್ತಿತ್ತು. ಅಮೆರಿಕದವರು ಏಪ್ರಿಲ್ ಮೊದಲ ಭಾನುವಾರ ಇಡುತ್ತಿದ್ದರು. ಡೈರಿಯಲ್ಲಿ ಏಪ್ರಿಲ್ 1ಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಆದರೆ 2007ರಿಂದ ಅಮೆರಿಕ ನಿಯಮ ಬದಲಾಯಿಸಿ, ಮಾರ್ಚ್ ಎರಡನೆಯ ಭಾನುವಾರಕ್ಕೆ ತಂದಿತು. ಆ ವರ್ಷ ಅದು ಮಾರ್ಚ್ 11. ನಮ್ಮ ಕಂಪ್ಯೂಟರ್‌ಗಳಿಗೆ ಅದನ್ನು ಸರಿಪಡಿಸುವ ಪ್ಯಾಚ್ ಹಾಕಿರಲಿಲ್ಲ. ಔಟ್‌ಲುಕ್ ಹಳೆಯ ಟೈಮನ್ನೇ ತೋರಿಸುತ್ತಿತ್ತು.

ಮಾರ್ಚ್ 13, ಮಂಗಳವಾರ. ಸಂಜೆ 6.34ಕ್ಕೆ ನನ್ನ ಮೇಜಿನ ಫೋನ್ ಹೊಡೆಯಿತು. ಡೆಟ್ರಾಯಿಟ್‌ನಿಂದ. "ನಾವು ನಾಲ್ಕು ನಿಮಿಷದಿಂದ ಲೈನ್‌ನಲ್ಲಿದ್ದೇವೆ, ನೀವೆಲ್ಲಿ?" ನಾನು ಗೋಡೆ ಗಡಿಯಾರ ನೋಡಿದೆ, ಡೈರಿ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ಬಾಸ್ ಚೆನ್ನೈಯಿಂದ ಬಂದು ಎಚ್‌ಎಎಲ್ ಏರ್‌ಪೋರ್ಟ್‌ನಲ್ಲಿ ಇಳಿದು, ಕಾರಿನಲ್ಲಿ ದೊಮ್ಮಲೂರು ಹತ್ತಿರ ಸಿಕ್ಕಿಕೊಂಡಿದ್ದರು. ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಲು ಇನ್ನೂ ಒಂದು ವರ್ಷ ಇತ್ತು. ಜರ್ಮನಿಯವರು ಮಾರ್ಚ್ ಕೊನೆಯ ಭಾನುವಾರದವರೆಗೂ ಗಡಿಯಾರ ಮುಟ್ಟುವುದಿಲ್ಲ, ಅವರ ಲೆಕ್ಕದಲ್ಲಿ ಮೀಟಿಂಗ್‌ಗೆ ಇನ್ನೂ ಒಂದು ಗಂಟೆ ಇದೆ. ಮೂರು ದೇಶ, ಮೂರು ಲೆಕ್ಕ. ಬಾಸನ್ನು ಮೊಬೈಲ್‌ನಲ್ಲಿ ಹಿಡಿದು ಜೋಡಿಸಿದೆ. ಹಾರ್ನ್ ಸದ್ದಿನ ಮಧ್ಯೆ ಅವರು ಎರಡು ಕೋಟಿಯ ಆರ್ಡರ್ ಮಾತಾಡಿದರು. ನಾನು ಇನ್ನೊಂದು ಲೈನ್‌ನಲ್ಲಿ ಜರ್ಮನಿಯವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಎಬ್ಬಿಸಿದೆ. ಒಬ್ಬರು ಇನ್ನೂ ಕ್ಯಾಂಟೀನಿನಲ್ಲಿದ್ದರು.

ಬಾಸ್ ಅವತ್ತು ಏನೂ ಅನ್ನಲಿಲ್ಲ. ಮರುದಿನ ಬೆಳಗ್ಗೆ, "ಮುಂದಿನ ಸಲ ಇದು ನಮಗೆ ಮೊದಲೇ ಹೇಗೆ ಗೊತ್ತಾಗುತ್ತದೆ?" ಅಂತ ಅಷ್ಟೇ ಕೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅಲ್ಲಿಂದ ಪ್ರತಿ ಜನವರಿ ಹೊಸ ಡೈರಿ ಬಂದ ಕೂಡಲೇ ನಾಲ್ಕು ಭಾನುವಾರ ಗುರುತು ಹಾಕುತ್ತಿದ್ದೆ. ಮಾರ್ಚ್ ಎರಡನೆಯದು ಅಮೆರಿಕ, ಮಾರ್ಚ್ ಕೊನೆಯದು ಯುರೋಪ್, ಅಕ್ಟೋಬರ್ ಕೊನೆಯದು ಯುರೋಪ್, ನವೆಂಬರ್ ಮೊದಲನೆಯದು ಅಮೆರಿಕ. ಈಗ ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ, ನಿಜ. ಆದರೂ ಆ ಮಧ್ಯದ ವಾರಗಳಲ್ಲಿ ಬಾಸ್ ಊಟಕ್ಕೆ ಎದ್ದಿರುತ್ತಾರೋ ಇಲ್ಲವೋ ನೋಡಬೇಕಾದವರು ನೀವೇ.

ನಿಮ್ಮ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಎರಡು ಸಲ ಕೇಳುವುದು ಒಳ್ಳೆಯ ಅಭ್ಯಾಸ. ಒಂದೇ ಸಲ ಕೇಳಿ ತಪ್ಪು ಬರೆದುಕೊಂಡವರನ್ನು ನಾನು ನೋಡಿದ್ದೇನೆ. ನಿಮ್ಮ ನಿಜವಾದ ಬಂಡವಾಳ ಕನ್ನಡ. ನನ್ನ ಎರಡನೆಯ ಬಾಸ್ ದೆಹಲಿ ಕಡೆಯವರು. ಒಂದು ದಿನ ಅವರ ಟ್ರೇಯಲ್ಲಿ ಸರ್ಕಾರಿ ಇಲಾಖೆಯ ಒಂದು ಪತ್ರ ಸಿಕ್ಕಿತು. ಬಂದು ಐದು ದಿನ ಆಗಿತ್ತು. ಯಾರಿಗೂ ಓದಲು ಬರದೆ ಅದು ಯಾವುದೋ ಸುತ್ತೋಲೆ ಅಂದುಕೊಂಡು ಬಿಟ್ಟಿದ್ದರು. ಕೊನೆಯ ಸಾಲಿನಲ್ಲಿ, "ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು" ಅಂತ ಇತ್ತು. ಸಮಜಾಯಿಷಿ ಅಂದರೆ ಏನು ಅಂತ ಬಾಸ್‌ಗೆ ವಿವರಿಸುವ ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತ್ತು. ಅವತ್ತೇ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಉತ್ತರ ಟೈಪ್ ಮಾಡಿ, ಮರುದಿನ ಬೆಳಗ್ಗೆ ನಾನೇ ಹೋಗಿ ಕೊಟ್ಟು, ಕಾಪಿಗೆ ಸೀಲ್ ಹಾಕಿಸಿಕೊಂಡು ಬಂದೆ. ಅಂದಿನಿಂದ ಕೆಐಎಡಿಬಿ (ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ), ಬೆಸ್ಕಾಂ, ಮಾಲಿನ್ಯ ನಿಯಂತ್ರಣ ಮಂಡಳಿ, ಯಾವುದೇ ಕನ್ನಡ ಲಕೋಟೆ ಬಂದರೂ ಮೊದಲು ನನ್ನ ಮೇಜಿಗೆ.

ಇನ್ನೊಂದು ವಿಷಯ ಇದೆ. ಇದನ್ನು ಇಂಟರ್‌ವ್ಯೂನಲ್ಲಿ ಯಾರೂ ಹೇಳುವುದಿಲ್ಲ.

2009ರ ಶುರು. ಅಮೆರಿಕದ ಕಾರು ಕಂಪನಿಗಳು ಬಿದ್ದುಹೋಗಿ, ನಮ್ಮ ಆರ್ಡರ್ ಅರ್ಧಕ್ಕೆ ಇಳಿದಿತ್ತು. ಒಂದು ಮಧ್ಯಾಹ್ನ ಬಾಸ್ ಬಾಗಿಲು ಹಾಕಿಕೊಂಡು ನನಗೆ ಒಂದು ಪಟ್ಟಿ ಟೈಪ್ ಮಾಡಲು ಕೊಟ್ಟರು. 41 ಹೆಸರು. ಕೆಲಸದಿಂದ ತೆಗೆಯುವವರದು. ಹದಿನೇಳನೆಯ ಹೆಸರು ನನ್ನ ಜೊತೆ ದಿನಾ ಊಟಕ್ಕೆ ಕೂರುವವರದು. ಸ್ಟೋರ್ಸ್‌ನಲ್ಲಿದ್ದರು, ನನಗಿಂತ ಎರಡು ವರ್ಷ ಹಿರಿಯರು. ಪಟ್ಟಿ ಹೊರಬೀಳಲು ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನವೂ ಒಂದೇ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಿದೆವು. ಅವರು ಮಾಗಡಿ ರಸ್ತೆ ಕಡೆ ಒಂದು ಸೈಟು ನೋಡಿ ಬಂದಿದ್ದರು. ಅಡ್ವಾನ್ಸ್ ಕೊಡಲಾ ಬೇಡವಾ ಅಂತ ನನ್ನನ್ನೇ ಕೇಳಿದರು. ನನ್ನ ಬಾಯಲ್ಲಿ ಚಿತ್ರಾನ್ನ ಇತ್ತು. ನುಂಗಿಕೊಂಡು, "ಯುಗಾದಿ ಕಳೀಲಿ ಬಿಡಿ, ಈಗ ದಿನ ಚೆನ್ನಾಗಿಲ್ಲ" ಅಂದೆ. ಅಷ್ಟು ಹೇಳಿದ್ದೂ ತಪ್ಪೇ. ಅವರು ಅಡ್ವಾನ್ಸ್ ಕೊಡಲಿಲ್ಲ. ಪಟ್ಟಿ ಬಂದ ದಿನ ನನ್ನ ಮೇಜಿನ ಮುಂದೆ ನಿಂತು, "ನಿಮಗೆ ಗೊತ್ತಿತ್ತು ಅಲ್ವಾ" ಅಂದರು. ನಾನು ಏನೂ ಹೇಳಲಿಲ್ಲ. ಅವರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಮಗಳ ಮದುವೆಗೆ ಪತ್ರಿಕೆ ಕೊಡಲು ಹೋಗಿದ್ದೆ, ಬಾಗಿಲಲ್ಲೇ ತೆಗೆದುಕೊಂಡರು.

ತಂಗಿ, ಇದು ನಿಮ್ಮಿಂದ ಆಗುತ್ತದಾ ಅಂತ ನೀವೇ ಕೇಳಿಕೊಳ್ಳಬೇಕು. ಕ್ಯಾಲೆಂಡರ್ ಯಾರು ಬೇಕಾದರೂ ಕಲಿಯುತ್ತಾರೆ.

ಈಗ ನಿಮ್ಮ ಗೆಳತಿಯ ಮೆಟ್ಟಿಲಿನ ಮಾತು. ಅವಳು ಹೇಳಿದ್ದರಲ್ಲಿ ಅರ್ಧ ನಿಜ. ಈ ಕೆಲಸದಲ್ಲಿ ನಿಮ್ಮ ಬೆಲೆ ನಿಮ್ಮ ಬಾಸ್ ಕುರ್ಚಿಗೆ ಅಂಟಿಕೊಂಡಿರುತ್ತದೆ. 2012ರಲ್ಲಿ ನನ್ನ ಬಾಸ್ ಕಂಪನಿ ಬಿಟ್ಟರು. ಹೊಸಬರು ತಮ್ಮ ಸೆಕ್ರೆಟರಿಯನ್ನು ಜೊತೆಯಲ್ಲೇ ಕರೆತಂದರು. ಬುಧವಾರದವರೆಗೆ ಎಲ್ಲ ಜಿ.ಎಂ.ಗಳೂ ನನಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ಗುರುವಾರ ನನ್ನ ಮೇಜನ್ನು ಕೆಳಗಿನ ಮಹಡಿಗೆ, ಸ್ಟೇಷನರಿ ಕಪಾಟಿನ ಪಕ್ಕಕ್ಕೆ ಹಾಕಿದರು. ಏಳು ತಿಂಗಳು ಅಲ್ಲಿ ಎ4 ಬಂಡಲ್ ಎಣಿಸಿದೆ, ಸ್ಟೇಪ್ಲರ್ ಪಿನ್ನಿಗೆ ಸಹಿ ಹಾಕಿಸಿಕೊಂಡೆ. 21 ವರ್ಷ ಸರ್ವಿಸ್ ಆಗಿತ್ತು ಆಗ.

ಅಲ್ಲಿಂದ ನನ್ನನ್ನು ಎತ್ತಿದ್ದು ಬಾಸ್ ಹೆಸರಲ್ಲ. ವಿದೇಶಿ ಗಿರಾಕಿಗಳು ಬಂದಾಗೆಲ್ಲ ಅವರ ಜೊತೆ ಫ್ಯಾಕ್ಟರಿ ಸುತ್ತುತ್ತಿದ್ದೆ. ಯಾವ ಗಿರಾಕಿಗೆ ಯಾವ ಪಾರ್ಟ್ ಹೋಗುತ್ತದೆ, ಹೋದ ಆಡಿಟ್‌ನಲ್ಲಿ ಯಾವುದಕ್ಕೆ ತಕರಾರು ತೆಗೆದಿದ್ದರು, ಎಲ್ಲ ನೆನಪಿತ್ತು. ಎಕ್ಸ್‌ಪೋರ್ಟ್ ವಿಭಾಗದವರು ಅದಕ್ಕೇ ಕರೆದುಕೊಂಡರು. ಎರಡು ವರ್ಷ ಬಿಟ್ಟು ಮ್ಯಾನೇಜರ್ ಗ್ರೇಡ್‌ನಲ್ಲಿ ಚೇರ್ಮನ್ ಆಫೀಸಿಗೆ ಹೋದೆ. ಬಾಸ್‌ಗೆ ಏನು ಇಷ್ಟ ಅಂತ ಕಲಿಯುವುದರ ಜೊತೆಗೆ ಕಂಪನಿ ಏನು ಮಾಡುತ್ತದೆ ಅಂತಲೂ ಕಲಿಯಿರಿ. ಎಂ.ಡಿ.ಯವರ ಮೇಜಿನಷ್ಟು ಚೆನ್ನಾಗಿ ಅದು ಇನ್ನೆಲ್ಲಿಂದಲೂ ಕಾಣುವುದಿಲ್ಲ.

ಹಾಗಾಗಿ ಎಚ್‌ಆರ್‌ಗೆ ಕೇಳಿ. ನನ್ನ ಗ್ರೇಡ್ ಯಾವುದು, ಅದರ ಮೇಲಿನ ಗ್ರೇಡ್ ಯಾವುದು? ಎಂ.ಡಿ. ಬದಲಾದರೆ ನನ್ನನ್ನು ಎಲ್ಲಿ ಹಾಕುತ್ತೀರಿ? ನನ್ನ ಅಪ್ರೈಸಲ್ ಯಾರು ಬರೆಯುತ್ತಾರೆ? ರಾತ್ರಿ 8ರ ಮೇಲೆ ಕೂತರೆ ಮನೆಗೆ ಕಾರು ಇದೆಯಾ? ಎಂ.ಡಿ.ಯವರ ಮನೆ ಕೆಲಸ, ಅಂದರೆ ಗ್ಯಾಸ್ ಬುಕಿಂಗ್, ಮಕ್ಕಳ ಸ್ಕೂಲ್ ಫೀಸು, ಇವು ನನಗೆ ಬರುತ್ತವಾ? ಬರುತ್ತವೆ ಅಂದರೆ ಗಾಬರಿ ಬೇಡ, ಸ್ವಲ್ಪ ಎಲ್ಲ ಕಡೆಯೂ ಬರುತ್ತದೆ. ಎಷ್ಟು ಅಂತ ಮೊದಲೇ ಗೊತ್ತಿರಲಿ. ಮತ್ತೆ, ಬಿಡುತ್ತಿರುವ ಮೇಡಂ ಜೊತೆ ಕ್ಯಾಂಟೀನಿನಲ್ಲಿ ಅಲ್ಲ, ಹೊರಗೆ ಎಲ್ಲಾದರೂ ಒಂದು ಗಂಟೆ ಕೂತು ಮಾತಾಡಿ.

ರಾಜಾಜಿನಗರದವರಿಗೆ: ಮಿನಿಟ್ಸ್ ಕೆಲಸ ಅರ್ಧ ಹೋಗಿದೆ, ಒಪ್ಪುತ್ತೇನೆ. ನನ್ನ ಕೊನೆಯ ವರ್ಷ ನಾವೂ ಮಿನಿಟ್ಸ್ ಬರೆಯುವ ಅಂಥದ್ದೊಂದು ಎಐ ತಂದಿದ್ದೆವು. ಕೆಐಎಡಿಬಿ ಅಂದಿದ್ದನ್ನು ಪ್ರತಿ ಸಲ ಬೇರೆ ಬೇರೆ ಥರ ಬರೆಯುತ್ತಿತ್ತು. ಅದು ಸರಿಹೋಗುತ್ತದೆ ಬಿಡಿ. ಒಂದು ಮೀಟಿಂಗ್‌ನಲ್ಲಿ ಬಾಸ್ ಸಿಟ್ಟಿನಲ್ಲಿ ಒಬ್ಬ ಡೈರೆಕ್ಟರ್ ಬಗ್ಗೆ ಒಂದು ಮಾತು ಅಂದರು. ಅದು ಅಚ್ಚುಕಟ್ಟಾಗಿ ಅದನ್ನೂ ಬರೆದು ಎಲ್ಲರಿಗೂ ಕಳಿಸಲು ರೆಡಿಯಾಗಿ ಕೂತಿತ್ತು. ನಾನು ನೋಡಿ ಅಳಿಸಿದೆ.

ಧಾರವಾಡ ಫೇಡೆ

ನಮಸ್ಕಾರ್ರಿ. ನಾನು ಕೋರ್ಟಿನಲ್ಲಿ ಶೀಘ್ರಲಿಪಿಗಾರ, ಅಂದರೆ ಸ್ಟೆನೋ, 19 ವರ್ಷ ಆಯಿತು. ಗಂಡಸರೂ ಈ ಕೆಲಸ ಮಾಡುತ್ತಾರೆ ಅಂತ ತಂಗಿಯ ಅಮ್ಮನಿಗೆ ಹೇಳ್ರಿ. ನಮ್ಮ ಕಡೆ ಸಾಹೇಬರ ಪಿಎ ಅಂದರೆ ಊರ ಜನ ಎದ್ದು ನಿಲ್ಲುತ್ತಾರೆ.

ಅಕ್ಕಾವ್ರು ಬರೆದ ಸ್ಟೇಷನರಿ ಕಪಾಟಿನ ಕಥೆ ಓದಿ ಸಂಕಟ ಆಯಿತು. ಸರ್ಕಾರಿ ಕೆಲಸದಲ್ಲಿ ಅದೊಂದು ಇಲ್ಲ. ಸಾಹೇಬರು ಬರುತ್ತಾರೆ, ಮೂರು ವರ್ಷಕ್ಕೆ ವರ್ಗ ಆಗಿ ಹೋಗುತ್ತಾರೆ. ನಾವು ಅಲ್ಲೇ ಇರುತ್ತೇವೆ. ಸೀನಿಯಾರಿಟಿ ಪಟ್ಟಿಯಲ್ಲಿ ನಮ್ಮ ನಂಬರ್ ಬಂದಾಗ ಬಡ್ತಿ. ಇಲಾಖೆಗಳಲ್ಲಿ ಶೀಘ್ರಲಿಪಿಗಾರ ಇದ್ದವರು ಆಪ್ತ ಸಹಾಯಕ, ಆಪ್ತ ಕಾರ್ಯದರ್ಶಿ ಅಂತ ಮೇಲೆ ಹೋಗುತ್ತಾರೆ.

ಶಾರ್ಟ್‌ಹ್ಯಾಂಡ್ ನಿಮಗೆ ಬೇಕಾಗಿಲ್ಲ. ಕಂಪನಿಯಲ್ಲಿ ಈಗ ಯಾರೂ ಕೇಳುವುದಿಲ್ಲ. ಸರ್ಕಾರಿ ಕಡೆ ಹೋಗುವ ಮನಸ್ಸಿದ್ದರೆ ಮಾತ್ರ ಕಲಿಯಿರಿ. ಕೋರ್ಟಿನಲ್ಲಿ ಅದರ ಮೇಲೆಯೇ ಪರೀಕ್ಷೆ. ಸಾಹೇಬರು ತೀರ್ಪು ಹೇಳುವಾಗ ಒಂದು "ಇಲ್ಲ" ಬಿಟ್ಟುಹೋದರೆ ಗೆದ್ದವನು ಸೋತ ಹಾಗೆ. ನಾನು ಒಮ್ಮೆ ಬಿಟ್ಟಿದ್ದೆ. ಸಹಿ ಆಗುವ ಮೊದಲು ಸಾಹೇಬರೇ ಹಿಡಿದರು, ನನ್ನ ಪುಣ್ಯ. ಪಾಲಿಟೆಕ್ನಿಕ್‌ಗಳಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಅಂತ ಇತ್ತು, ನಾನು ಕಲಿತಿದ್ದು ಅದನ್ನೇ.

ಮೈಸೂರು ರೋಡ್ ಅಮ್ಮ

ಮದುವೆ ಇದೆ ಅಂದಿರಲ್ಲ, ಅದಕ್ಕೆ ಒಂದು ಮಾತು. ನಾನೂ ಒಬ್ಬ ಸಿಇಒಗೆ ಆರು ವರ್ಷ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಿದ್ದೆ. 2017ರಿಂದ ಹೆರಿಗೆ ರಜೆ 26 ವಾರ, ಸಂಬಳ ಸಮೇತ, ಮೊದಲ ಎರಡು ಮಕ್ಕಳಿಗೆ. ರಜೆ ಸಿಕ್ಕಿತು, ತೊಂದರೆ ಕೊಡಲಿಲ್ಲ. ಆದರೆ ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಬಂದ ಹುಡುಗಿ ಆ 26 ವಾರದಲ್ಲಿ ಸಿಇಒಗೆ ಒಗ್ಗಿಹೋಗಿದ್ದಳು. ವಾಪಸ್ ಬಂದಾಗ ಬೋರ್ಡ್ ನನ್ನದೇ, ಸಂಬಳ ನನ್ನದೇ, ಬೆಲ್ ಹೊಡೆದರೆ ಹೋಗುವವಳು ಅವಳು. ನಾಲ್ಕು ತಿಂಗಳು ನೋಡಿ ನಾನೇ ಎಚ್‌ಆರ್‌ಗೆ ಬದಲಾಯಿಸಿಕೊಂಡೆ. ಈಗ ಅಲ್ಲಿ ಖುಷಿಯಾಗಿದ್ದೇನೆ. ಪ್ರತಿ ಗ್ರೇಡಿನವರ ಸಂಬಳ, ಸಂಕಟ ಎಲ್ಲ ಮೊದಲೇ ಗೊತ್ತಿದ್ದರಿಂದ ಎಚ್‌ಆರ್ ಕೆಲಸ ಸುಲಭವಾಯಿತು. ಮೆಟ್ಟಿಲು ನೇರಕ್ಕೆ ಇಲ್ಲ, ಪಕ್ಕಕ್ಕೆ ಇದೆ ಅನ್ನಿ.

ಹಾಸನದ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಊಟದ ಬೆಂಚಿನ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದು ಅನುಮಾನ. ನನ್ನ ತಮ್ಮ ನಮ್ಮ ಕಂಪನಿಯದೇ 40 ಷೇರು ತೆಗೆದುಕೊಂಡಿದ್ದಾನೆ. ನಾನು ಆ ಸೀಟಿಗೆ ಹೋದರೆ ಅದಕ್ಕೇನಾದರೂ ತೊಂದರೆಯಾ?

ಲೆಕ್ಕದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನಾನು ಒಂದು ಲಿಸ್ಟೆಡ್ ಕಂಪನಿಯಲ್ಲಿ ಇದನ್ನೇ ನೋಡಿಕೊಳ್ಳುವವನು. ಷೇರು ಮಾರ್ಕೆಟ್ ನಿಯಂತ್ರಿಸುವ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ (ಒಳಗಿನ ಸುದ್ದಿ ಬಳಸಿ ಷೇರು ವ್ಯವಹಾರ ಮಾಡುವುದು) ನಿಯಮಗಳಲ್ಲಿ ಡೆಸಿಗ್ನೇಟೆಡ್ ಪರ್ಸನ್ ಅಂತ ಒಂದು ಪಟ್ಟಿ ಇದೆ. ಹೊರಗೆ ಬಾರದ ಸುದ್ದಿ ಕೈಗೆ ಸಿಗುವ ಸೆಕ್ರೆಟರಿ ಸಿಬ್ಬಂದಿಯೂ ಅದರಲ್ಲಿ ಸೇರುತ್ತಾರೆ. ಎಂ.ಡಿ. ಆಫೀಸಿನಲ್ಲಿ ಕೂತರೆ ನಿಮ್ಮ ಹೆಸರು ಬಂದೇ ಬರುತ್ತದೆ ಅಂದುಕೊಳ್ಳಿ.

ಪ್ರತಿ ತ್ರೈಮಾಸಿಕ ಮುಗಿದ ದಿನದಿಂದ, ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಟ್ರೇಡಿಂಗ್ ವಿಂಡೋ ಮುಚ್ಚಿರುತ್ತದೆ. ಆಗ ನೀವು ಕಂಪನಿ ಷೇರು ಮುಟ್ಟುವ ಹಾಗಿಲ್ಲ. ಬೇರೆ ದಿನಗಳಲ್ಲಿ ಕೊಂಡರೆ ಆರು ತಿಂಗಳು ಮಾರುವ ಹಾಗಿಲ್ಲ. ತಮ್ಮ ನಿಮ್ಮ ದುಡ್ಡಿನ ಮೇಲೆ ಅವಲಂಬಿತನಾಗಿದ್ದರೆ, ಅಥವಾ ಷೇರು ವಿಷಯದಲ್ಲಿ ನಿಮ್ಮನ್ನು ಕೇಳಿ ನಿರ್ಧಾರ ಮಾಡುವವನಾಗಿದ್ದರೆ, ಅವನಿಗೂ ಇದು ಅನ್ವಯಿಸುತ್ತದೆ. ಈಗಾಗಲೇ ಇರುವ 40 ಷೇರು ಇಟ್ಟುಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಸೇರಿದ ದಿನವೇ ಕಂಪನಿ ಸೆಕ್ರೆಟರಿಗೆ ಬರೆದು ತಿಳಿಸಿ. ಒಂದು ಫಾರ್ಮ್ ಕೊಡುತ್ತಾರೆ. ಪ್ಯಾನ್, ಫೋನ್ ನಂಬರ್, ಓದಿದ ಕಾಲೇಜು, ಹಿಂದಿನ ಕೆಲಸ ಎಲ್ಲ ಕೇಳುತ್ತಾರೆ. ಕಾಲೇಜು ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಯಮದಲ್ಲೇ ಇದೆ.

ಮನೆಯಲ್ಲಿ "ಈ ಸಲ ರಿಸಲ್ಟ್ ಹೇಗಿದೆ?" ಅಂತ ಯಾರಾದರೂ ಕೇಳಿದರೆ, ಟಿವಿಯಲ್ಲಿ ಬರುತ್ತದೆ ನೋಡಿ ಅನ್ನಿ.

ಹಾಸನದ ಹುಡುಗಿ

ಒಪ್ಪಿಕೊಂಡೆ. ಗ್ರೇಡ್ ಬರೆದುಕೊಟ್ಟರು, ಕಾರು ಬರೆದುಕೊಟ್ಟರು. ಅಪ್ರೈಸಲ್ ಎಂ.ಡಿ.ಯವರೇ ಬರೆಯುತ್ತಾರಂತೆ. "ಎಂ.ಡಿ. ಬದಲಾದರೆ?" ಅಂತ ಕೇಳಿದ್ದಕ್ಕೆ ಎಚ್‌ಆರ್‌ನವರು ನಕ್ಕರು, ಉತ್ತರ ಬರಲಿಲ್ಲ. ಇನ್ನೊಂದು ಸಲ ಮೇಲ್ ಹಾಕಿದ್ದೇನೆ. ಮೇಡಂ ಜೊತೆ ಯಶವಂತಪುರದಲ್ಲಿ ಒಂದು ದರ್ಶಿನಿಯಲ್ಲಿ ಕೂತು ಮಾತಾಡಿದೆ. ಅವರ ಹತ್ತಿರವೂ ಒಂದು ಪುಸ್ತಕ ಇದೆ ಅಕ್ಕ, ಹಸಿರು ರಟ್ಟು! ಅಮ್ಮನಿಗೆ ಧಾರವಾಡದ ಅಣ್ಣ ಹೇಳಿದ್ದನ್ನು ಓದಿ ಹೇಳಿದೆ. ಈಗ ಪಕ್ಕದ ಮನೆಯವರಿಗೆ "ಎಂ.ಡಿ. ಆಫೀಸು" ಅಂತ ಹೇಳಿಕೊಂಡು ಬರುತ್ತಿದ್ದಾರೆ.

ಕೊನೆಯದೊಂದು. ನಿನ್ನೆ ಎಂ.ಡಿ. ಕರೆದು ಮಾತಾಡಿಸಿದರು. "ನನ್ನನ್ನ ಸರ್ ಅನ್ನಬೇಡಿ, ಹೆಸರು ಹಿಡಿದು ಕರೀರಿ, ನಮ್ಮಲ್ಲಿ ಎಲ್ಲ ಹಾಗೇ" ಅಂದರು. ಅವರಿಗೆ 61. ನಮ್ಮ ದೊಡ್ಡಪ್ಪನ ವಯಸ್ಸು. ನನಗೆ ಬಾಯೇ ಬರುತ್ತಿಲ್ಲ. ಏನು ಮಾಡಲಿ?

ಪಿಟ್‌ಮನ್ ಅಕ್ಕ

ಅಯ್ಯೋ, ಆ ಕಷ್ಟ ನನಗೂ ಇತ್ತು! ದೆಹಲಿಯ ಬಾಸ್ ಹಾಗೇ ಹೇಳಿದ್ದರು. ನಾನು ಒಂಬತ್ತು ವರ್ಷ ಅವರನ್ನು ಏನೂ ಅಂತ ಕರೆಯದೆ ಕಳೆದೆ. ಮೇಲ್‌ನಲ್ಲಿ ಹೆಸರು ಬರೆಯುತ್ತಿದ್ದೆ. ಎದುರಿಗೆ ಹೋದರೆ ಬಾಗಿಲು ತಟ್ಟಿ, "ಒಂದು ನಿಮಿಷ" ಅಂತ ಶುರು. ಬೇರೆಯವರ ಹತ್ತಿರ ಹೇಳುವಾಗ "ಅವರು". ಕೊನೆಯ ದಿನ ಬೀಳ್ಕೊಡುಗೆಯಲ್ಲಿ ಮೈಕ್ ಹಿಡಿದು, ಇವತ್ತಾದರೂ ಹೆಸರು ಹೇಳಿಯೇಬಿಡೋಣ ಅಂತ ನಿಂತೆ. ಬಾಯಿಗೆ ಬಂದದ್ದು "ಸರ್". ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅದು ನಿಧಾನಕ್ಕೆ ಬರುತ್ತದೆ, ಬರದಿದ್ದರೂ ನಡೆಯುತ್ತದೆ. ಡ್ರೈವರ್ ಹೆಸರು ಮಾತ್ರ ಸೋಮವಾರವೇ ಕಲಿತುಕೊಳ್ಳಿ, ಫೋನ್ ನಂಬರ್ ಸಮೇತ. ಅವರ ಮನೆಯವರ ನಂಬರ್ ಕೂಡ.